ಎರಡನೇ ಕಾವಲಿ ಬೇಕೇ? ಹೋಟೆಲಿನ ಬೆಳಗಿನ ರಷ್ಷನ್ನು ಸಿಮ್ಯುಲೇಷನ್‌ನಲ್ಲಿ ಓಡಿಸಿ ನೋಡುವ ಬಗೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ದೋಸೆ ಕೌಂಟರಿನ ಮುಂದೆ ಮೂವತ್ತು ಜನ ಟೋಕನ್ ಹಿಡಿದು ನಿಂತಿದ್ದರೆ, ದರ್ಶಿನಿಯ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು "ಇನ್ನೊಂದು ಕಾವಲಿ ಹಾಕಿಸಿಬಿಡೋಣ." ಕಾವಲಿಗೆ ದುಡ್ಡು, ಅದರ ಕೆಳಗೆ ಬರ್ನರು, ಮೇಲೆ ಹೊಗೆ ಎಳೆಯುವ ಚಿಮಣಿ, ಅಡುಗೆಮನೆಯಲ್ಲಿ ಜಾಗ. ಇಷ್ಟೆಲ್ಲ ಆದ ಮೇಲೂ ಕ್ಯೂ ಇದ್ದ ಹಾಗೇ ಇರಬಹುದು. ಅಥವಾ ದೋಸೆ ಕೌಂಟರಿನಿಂದ ಎದ್ದು ಮೇಜಿನ ಹತ್ತಿರ ಹೋಗಿ ನಿಲ್ಲಬಹುದು. ಕಬ್ಬಿಣ ತರುವ ಮೊದಲು ಆ ಬೆಳಗನ್ನೇ ಕಂಪ್ಯೂಟರಿನಲ್ಲಿ ನೂರು ಸಲ ಓಡಿಸಿ ನೋಡುವುದು ಸಿಮ್ಯುಲೇಷನ್. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಅಥವಾ ಲಿಬ್ರೆಆಫೀಸ್, ಒಂದು ಸ್ಟಾಪ್‌ವಾಚ್, ಮೂರು ಭಾನುವಾರ ಸಾಕು.

ಪ್ರಶ್ನೆ ಒಂದೇ ಇರಲಿ

"ಇಡೀ ಹೋಟೆಲಿನ ಮಾಡೆಲ್ ಮಾಡೋಣ" ಎಂದು ಹೊರಟವರು ಅದನ್ನು ಮುಗಿಸಿದ್ದು ಕಡಿಮೆ. ಹಾಳೆಯ ತಲೆಯ ಮೇಲೆ ಒಂದು ವಾಕ್ಯ ಬರೆದಿಡಿ: ಭಾನುವಾರ 7:30ರಿಂದ 10:30ರ ನಡುವೆ, ಬಿಲ್ ಆದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 10 ನಿಮಿಷದೊಳಗೆ ದೋಸೆ ಸಿಗಬೇಕಾದರೆ ಏನು ಸೇರಿಸಬೇಕು? ಏನನ್ನು ಬಿಡಬೇಕು ಎಂದು ಈ ವಾಕ್ಯವೇ ಹೇಳುತ್ತದೆ. ರುಬ್ಬುವುದು, ಇಡ್ಲಿ ಬೇಯಿಸುವುದು, ಪಾತ್ರೆ ತೊಳೆಯುವುದು ಇವೆಲ್ಲ ಸದ್ಯಕ್ಕೆ ಹೊರಗೆ. ತಟ್ಟೆ ಸಾಲದೆ ದೋಸೆ ಕಾವಲಿಯ ಮೇಲೇ ಕಾಯುವ ಹೋಟೆಲಾಗಿದ್ದರೆ ಮಾತ್ರ ತಟ್ಟೆಯೂ ಒಳಗೆ ಬರಬೇಕು.

ಅಳತೆ: ಬಿಲ್ಲಿನ ಸಮಯವನ್ನು ನಂಬಬೇಡಿ

ಬಿಲ್ಲಿಂಗ್ ಮೆಷಿನ್ ಪ್ರತಿ ಬಿಲ್ಲಿಗೂ ಗಂಟೆ, ನಿಮಿಷ ಹಾಕುತ್ತದೆ. ಅದನ್ನೇ ಗಿರಾಕಿ ಬಂದ ಸಮಯ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕ್ಯಾಷಿಯರ್ ಮುಂದೆ ಸಾಲು ಇದ್ದಾಗ ಬಿಲ್ಲಿನ ಸಮಯ ಹೇಳುವುದು ಕ್ಯಾಷಿಯರ್ ಎಷ್ಟು ಚುರುಕು ಎಂಬುದನ್ನು, ಜನ ಎಷ್ಟು ಬಂದರು ಎಂಬುದನ್ನಲ್ಲ. ಸಾಲು ನೋಡಿ ವಾಪಸು ಹೋದವರಂತೂ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಬಾಗಿಲ ಬಳಿ ಒಬ್ಬ ಹುಡುಗನನ್ನು ಕೂರಿಸಿ, 15 ನಿಮಿಷಕ್ಕೊಂದು ಮನೆ ಹಾಕಿದ ಕಾಗದದಲ್ಲಿ ಗೀಟು ಎಳೆಸಿ. ಒಳಗೆ ಬಂದ ಗುಂಪು ಒಂದು ಗೀಟು, ತಿರುಗಿ ಹೋದ ಗುಂಪು ಒಂದು ಅಡ್ಡಗೀಟು.

ಕಾಯುವ ಸಮಯ ಅಳೆಯಲು ಬಿಲ್ಲೇ ಸಾಕು. ದೋಸೆ ಕೊಡುವಾಗ ಟೋಕನ್ನನ್ನು ಕಂಬಿಗೆ ಚುಚ್ಚುತ್ತಾರಲ್ಲ, ಪ್ರತಿ ಹತ್ತನೇ ಟೋಕನ್ನಿನ ಹಿಂದೆ ಆ ಕ್ಷಣದ ಗಂಟೆ ಬರೆಯಿಸಿ. ಮುಂದೆ ಬಿಲ್ ಆದ ಸಮಯ, ಹಿಂದೆ ದೋಸೆ ಕೊಟ್ಟ ಸಮಯ. ಮಾಡೆಲ್ ಸರಿಯೋ ತಪ್ಪೋ ಎಂದು ಕೊನೆಗೆ ತೀರ್ಮಾನಿಸುವುದು ಈ ಚೀಟಿಗಳೇ. ಕ್ಯಾಷಿಯರ್ ಒಂದು ಬಿಲ್ಲಿಗೆ ತೆಗೆದುಕೊಳ್ಳುವ ಸೆಕೆಂಡುಗಳನ್ನು ಕನಿಷ್ಠ 100 ಬಿಲ್ಲಿಗೆ ಅಳೆಯಿರಿ. ಯುಪಿಐ ಪೆಟ್ಟಿಗೆ "ಬಂತು" ಎನ್ನುವವರೆಗಿನ ಕಾಯುವಿಕೆ, ಚಿಲ್ಲರೆ ಹುಡುಕಾಟ, "ಅಮ್ಮಂಗೆ ಏನು ಬೇಕು ಕೇಳಿ ಬರ್ತೀನಿ" ಎಲ್ಲವೂ ಅದರಲ್ಲೇ ಬರಲಿ.

ಕಾವಲಿಯ ಮುಂದೆ ನಿಂತು ಒಂದು ಒಬ್ಬೆಯನ್ನು (ಒಂದು ಸಲಕ್ಕೆ ಕಾವಲಿಯ ಮೇಲೆ ಒಟ್ಟಿಗೆ ಹುಯ್ಯುವ ದೋಸೆಗಳನ್ನು) ಬಿಡಿಸಿ ಅಳೆಯಬೇಕು. "ಒಬ್ಬೆಗೆ ಐದು ನಿಮಿಷ" ಎಂದು ಬರೆದುಕೊಂಡು ಬಂದರೆ ಪ್ರಯೋಜನವಿಲ್ಲ. ಗಡಿಯಾರ ಕಂಡರೆ ಭಟ್ಟರ ಕೈ ಚುರುಕಾಗುತ್ತದೆ, ಹಾಗಾಗಿ ಮೊದಲ ದಿನದ ಅಳತೆಯನ್ನು ಬಿಟ್ಟುಬಿಡಿ. ಲೆಕ್ಕ ತೋರಿಸಲು ಇಲ್ಲಿ ಒಂದು ಮಾದರಿ ಹೋಟೆಲ್ ಇಟ್ಟುಕೊಳ್ಳೋಣ, ನಿಮ್ಮ ಅಂಕಿ ಬೇರೆಯೇ ಇರುತ್ತವೆ. 12 ದೋಸೆ ಹಿಡಿಯುವ ಕಾವಲಿ. ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಗುಡಿಸಲು 20 ಸೆಕೆಂಡು. ಹಿಟ್ಟು ಹುಯ್ದು ಹರಡಲು ದೋಸೆಗೆ 5 ಸೆಕೆಂಡು, ಒಟ್ಟು 60. ಬೆಣ್ಣೆ, ಚಟ್ನಿ, ಪಲ್ಯಕ್ಕೆ ಇನ್ನೊಂದು 60. ಕೈ ಇಡದೆ ಬೇಯಲು 80. ಸಟ್ಟುಗದಲ್ಲಿ ಎಬ್ಬಿಸಿ, ಮಡಚಿ, ತಟ್ಟೆಗೆ ಹಾಕಲು 60. ಒಟ್ಟು 280 ಸೆಕೆಂಡು. ಈ 280ರಲ್ಲಿ ಭಟ್ಟರ ಕೈಗೆ ಬಿಡುವಿರುವುದು ಬರೀ 80 ಸೆಕೆಂಡು. ಈ ಅಂಕಿಯನ್ನು ನೆನಪಿಡಿ.

ಮೊದಲು ಕಾಗದದ ಮೇಲೆ

ಕಂಪ್ಯೂಟರ್ ತೆರೆಯುವ ಮೊದಲು ಹತ್ತು ನಿಮಿಷದ ಕೈಲೆಕ್ಕ ಮಾಡಿ. ಮಾಡೆಲ್ ಮುಂದೆ ಏನಾದರೂ ಹುಚ್ಚುಚ್ಚಾಗಿ ಹೇಳಿದರೆ ಅದನ್ನು ಹಿಡಿಯುವುದು ಇದೇ. ಬಾಗಿಲ ಹುಡುಗನ ಕಾಗದದಲ್ಲಿ 7:30ರಿಂದ ಹದಿನೈದು ನಿಮಿಷಕ್ಕೊಂದರಂತೆ ಬಂದ ಗುಂಪುಗಳು ಹೀಗಿವೆ ಎನ್ನೋಣ: 18, 22, 28, 34, 42, 48, 50, 46, 40, 32, 26, 20. ಒಟ್ಟು 406. ಗುಂಪಿಗೆ ಸರಾಸರಿ ಒಂದು ದೋಸೆ.

ಮೂರು ಗಂಟೆಗೆ 406 ಎಂದರೆ ಗಂಟೆಗೆ 135 ದೋಸೆ. ಕಾವಲಿಯ ಸಾಮರ್ಥ್ಯ 3600 ಸೆಕೆಂಡನ್ನು 280ರಿಂದ ಭಾಗಿಸಿ 12ರಿಂದ ಗುಣಿಸಿದರೆ 154. ನೂರಕ್ಕೆ 88 ಭಾಗ ಬಳಕೆ, ಸಾಕಲ್ಲ ಎನ್ನಿಸುತ್ತದೆ. ಸರಾಸರಿ ಮೋಸ ಮಾಡುವುದು ಇಲ್ಲಿಯೇ. 8:30ರಿಂದ 9:30ರ ಒಂದು ಗಂಟೆಯನ್ನು ಮಾತ್ರ ನೋಡಿ: 186 ದೋಸೆ ಬೇಕು, ಆಗುವುದು 154. ಹದಿನೈದು ನಿಮಿಷಕ್ಕೆ 38.6 ದೋಸೆಯಂತೆ ಕಳೆಯುತ್ತ ಬಂದರೆ 8:30ಕ್ಕೆ ಶುರುವಾದ ಬಾಕಿ 9:45ರ ಹೊತ್ತಿಗೆ 33 ದೋಸೆಗೆ ಮುಟ್ಟುತ್ತದೆ. 33 ದೋಸೆಗೆ ಸುಮಾರು 13 ನಿಮಿಷ. ಬಾಕಿ ತೀರುವುದು 10:26ಕ್ಕೆ. ಜನ ಕಡಿಮೆಯಾದ ಮೇಲೂ ಮುಕ್ಕಾಲು ಗಂಟೆ ಕೌಂಟರಿನ ಮುಂದೆ ಗದ್ದಲ ಏಕೆ ಎಂಬುದಕ್ಕೆ ಉತ್ತರ ಇಲ್ಲೇ ಸಿಕ್ಕಿತು.

ಇದರ ಮೇಲೆ ಒಬ್ಬೆಯ ಕಾಯುವಿಕೆ ಬೇರೆ. ಕಾವಲಿ ಎಡೆಬಿಡದೆ ಓಡುತ್ತಿರುವಾಗ ಯಾವುದೋ ಹೊತ್ತಿಗೆ ಬಂದ ಟೋಕನ್ ಮುಂದಿನ ಒಬ್ಬೆ ಶುರುವಾಗಲು ಸರಾಸರಿ 140 ಸೆಕೆಂಡು ಕಾದು, ತನ್ನ ಒಬ್ಬೆಗೆ 280 ಸೆಕೆಂಡು ಕಾಯುತ್ತದೆ. ಬಾಕಿ ಒಂದೂ ಇಲ್ಲದಿದ್ದರೂ 7 ನಿಮಿಷ. ಬಾಕಿಯ 13 ಸೇರಿದರೆ 20.

ಕ್ಯೂ ಸೂತ್ರಗಳು ಬಹಳ ಇವೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ ಈ ದಾರಿ ತೆರೆದರು. ಆದರೆ ಪುಸ್ತಕದ ಸೂತ್ರಗಳಲ್ಲಿ ಹೆಚ್ಚಿನವು ಜನ ಒಂದೇ ಸಮನೆ ಅನಂತ ಕಾಲ ಬರುತ್ತಲೇ ಇರುತ್ತಾರೆ ಎಂದುಕೊಳ್ಳುತ್ತವೆ. ನಮ್ಮ ರಷ್ಷಾದರೋ ಏರಿ ಇಳಿಯುವಂಥದ್ದು, ಅದರ ಮೇಲೆ ಒಬ್ಬೆ. ಸಿಮ್ಯುಲೇಷನ್ ಬೇಕಾಗುವುದು ಅದಕ್ಕೆ.

ಹಾಳೆ ಕಟ್ಟುವುದು

ಮೊದಲ ಹಾಳೆಯಲ್ಲಿ ಗುಂಪಿಗೊಂದು ಸಾಲು. ಎ ಕಾಲಂ ಬಂದ ಸಮಯ, 7:30ರಿಂದ ಎಣಿಸಿದ ಸೆಕೆಂಡುಗಳಲ್ಲಿ. ಹಿಂದಿನವರು ಬಂದ ಸಮಯಕ್ಕೆ ಒಂದು ಅಂತರ ಕೂಡಿಸಬೇಕು. 900ನ್ನು ಆ ಹೊತ್ತಿನ ಮನೆಯ ಗುಂಪುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಅಂತರ. ಒಂದರಲ್ಲಿ ರ್‍ಯಾಂಡ್ (RAND, ಸೊನ್ನೆಗೂ ಒಂದಕ್ಕೂ ನಡುವಿನ ಯಾವುದೋ ಒಂದು ಅಂಕಿ ಕೊಡುವ ಫಂಕ್ಷನ್) ಕಳೆದು, ಅದರ ನ್ಯಾಚುರಲ್ ಲಾಗ್ ತೆಗೆದು, ಚಿಹ್ನೆ ಬದಲಿಸಿ, ಈ ಸರಾಸರಿಯಿಂದ ಗುಣಿಸಿ. ನೇರವಾಗಿ ರ್‍ಯಾಂಡ್‌ನ ಲಾಗ್ ತೆಗೆಯಬೇಡಿ. ರ್‍ಯಾಂಡ್ ಎಂದಾದರೂ ಸೊನ್ನೆ ಕೊಟ್ಟರೆ ಇಡೀ ಹಾಳೆ ಎರರ್ ಆಗುತ್ತದೆ. ಯಾವ ಹೊತ್ತಿಗೆ ಎಷ್ಟು ಗುಂಪು ಎಂಬುದನ್ನು ಚಿಕ್ಕ ಪಟ್ಟಿಯಿಂದ ವಿ-ಲುಕಪ್ ತಂದುಕೊಡುತ್ತದೆ. ಸಾಲುಗಳನ್ನು 406ಕ್ಕೆ ನಿಲ್ಲಿಸದೆ 480ರವರೆಗೆ ಎಳೆಯಿರಿ, ಕೆಲವು ಭಾನುವಾರ ಜನ ಹೆಚ್ಚೇ ಬರುತ್ತಾರೆ. 10:30 ದಾಟಿದ ಸಾಲುಗಳನ್ನು ಲೆಕ್ಕದಿಂದ ಬಿಟ್ಟರಾಯಿತು.

ಬಿ ಕಾಲಂ ಬಿಲ್ ಶುರು: ಬಂದ ಸಮಯ, ಹಿಂದಿನವರ ಬಿಲ್ ಮುಗಿದ ಸಮಯ ಇವೆರಡರಲ್ಲಿ ದೊಡ್ಡದು. ಸಿ ಕಾಲಂ ಬಿಲ್ಲಿಗೆ ಹಿಡಿದ ಸಮಯ. ಅಳೆದ 100 ಅಂಕಿಗಳನ್ನು ಬೇರೆ ಕಡೆ ಇಟ್ಟು ಅದರಲ್ಲಿ ಒಂದನ್ನು ಚೀಟಿ ಎತ್ತಿದ ಹಾಗೆ ಎತ್ತಿ. ಇಂಡೆಕ್ಸ್ ಮತ್ತು ರ್‍ಯಾಂಡ್‌ಬಿಟ್ವೀನ್ ಸಾಕು. ನಾರ್ಮಲ್ ವಿತರಣೆಯ ಮೋಹ ಬೇಡ. ಸರಾಸರಿ 15, ವ್ಯತ್ಯಾಸ 8 ಎಂದು ಕೊಟ್ಟರೆ ಆಗಾಗ ಮೈನಸ್ ಸೆಕೆಂಡಿನಲ್ಲಿ ಬಿಲ್ ಮಾಡುವ ಕ್ಯಾಷಿಯರ್ ಹುಟ್ಟಿಕೊಳ್ಳುತ್ತಾನೆ. ಡಿ ಕಾಲಂ ಬಿಲ್ ಮುಗಿದದ್ದು. ಇ ಕಾಲಂ ಈ ಬಿಲ್ಲಿನಲ್ಲಿ ಎಷ್ಟು ದೋಸೆ: ಸೊನ್ನೆಯಿಂದ ನಾಲ್ಕೈದರವರೆಗೆ, ನಿಮ್ಮ ಬಿಲ್ಲುಗಳಲ್ಲಿರುವ ಪಾಲಿನಲ್ಲೇ. ಎಲ್ಲರಿಗೂ ಒಂದೊಂದು ಎಂದು ಹಾಕಿದರೆ ನಾಲ್ಕು ಮಸಾಲೆ ಒಟ್ಟಿಗೆ ಕೇಳುವ ಕುಟುಂಬ ಕಾಣೆಯಾಗುತ್ತದೆ, ಕ್ಯೂವನ್ನು ಎಳೆಯುವುದೇ ಅಂಥ ಬಿಲ್ಲುಗಳು.

ಎರಡನೇ ಹಾಳೆಯಲ್ಲಿ ದೋಸೆಗೊಂದು ಸಾಲು, ಬಿಲ್ ಮುಗಿದ ಸಮಯದೊಂದಿಗೆ. ಇಬ್ಬರು ಕ್ಯಾಷಿಯರ್ ಇದ್ದರೆ ಸಮಯದ ಪ್ರಕಾರ ವಿಂಗಡಿಸಲು ಮರೆಯಬೇಡಿ.

ಮೂರನೇ ಹಾಳೆ ಕಾವಲಿಯದು, ಒಬ್ಬೆಗೊಂದು ಸಾಲು. ಶುರು ಸಮಯ: ಹಿಂದಿನ ಒಬ್ಬೆ ಎಬ್ಬಿಸಿದ ಸಮಯ, ಇನ್ನೂ ಹುಯ್ಯದ ಮೊದಲ ಟೋಕನ್ನಿನ ಸಮಯ ಇವೆರಡರಲ್ಲಿ ದೊಡ್ಡದು. ಎಷ್ಟು ದೋಸೆ: ಆ ಹೊತ್ತಿಗೆ ಬಂದಿರುವ ಟೋಕನ್ನುಗಳನ್ನು ಕೌಂಟಿಫ್‌ನಲ್ಲಿ ಎಣಿಸಿ, ಈಗಾಗಲೇ ಹುಯ್ದದ್ದನ್ನು ಕಳೆದು, ಅದು ಮತ್ತು 12 ಇವೆರಡರಲ್ಲಿ ಚಿಕ್ಕದು. ಮುಗಿಯುವ ಸಮಯ: ಶುರುವಿಗೆ 100 ಸೆಕೆಂಡು ಮತ್ತು ದೋಸೆಗೆ 15ರಂತೆ ಕೂಡಿಸಿ (ಗುಡಿಸಲು 20, ಬೇಯಲು 80, ಹುಯ್ಯುವುದು, ತುಂಬುವುದು, ಎಬ್ಬಿಸುವುದು ತಲಾ 5). ಕೊನೆಗೆ ಒಟ್ಟು ಮೊತ್ತದ ಕಾಲಂ, ಅದರ ತಲೆಯಲ್ಲಿ ಒಂದು ಸೊನ್ನೆ. ಟೋಕನ್ ಸಂಖ್ಯೆಯಲ್ಲಿ ಒಂದು ಕಳೆದು ಈ ಕಾಲಂನಲ್ಲಿ ಮ್ಯಾಚ್ ಮಾಡಿದರೆ ಯಾವ ಒಬ್ಬೆಯ ದೋಸೆ ಎಂದು ಸಿಗುತ್ತದೆ. ಅದರ ಸಮಯದಲ್ಲಿ ಬಿಲ್ ಮುಗಿದ ಸಮಯ ಕಳೆದರೆ ಕಾದ ಹೊತ್ತು.

ನಿಮ್ಮ ಭಟ್ಟರು ರಷ್ಷಿನಲ್ಲಿ ಟೋಕನ್ ನೋಡದೆ ಕಾವಲಿ ತುಂಬ ಹುಯ್ಯುವವರಾದರೆ ಈ ನಿಯಮ ಬದಲಿಸಬೇಕು. ಕೇಳಬೇಡಿ, ನಿಂತು ನೋಡಿ. ಕೇಳಿದರೆ ಎಲ್ಲರೂ "ಟೋಕನ್ ಬಂದ ಮೇಲೇ" ಎನ್ನುತ್ತಾರೆ.

ಕೈ ಎಷ್ಟಿವೆ ಎಂಬುದೇ ವಿಷಯ

ಈಗ ಎರಡನೇ ಕಾವಲಿ. ಸಾಮರ್ಥ್ಯ ಎರಡರಷ್ಟು, 308, ಎಂದು ಬರೆದುಬಿಟ್ಟರೆ ಮಾಡೆಲ್ ಮಾಡಿದ್ದೂ ದಂಡ. ಒಬ್ಬ ಭಟ್ಟರಿಗೆ ಒಬ್ಬೆಗೆ 200 ಸೆಕೆಂಡು ಕೈಕೆಲಸವಿದೆ. ಕೈ ಒಂದು ಕ್ಷಣ ನಿಲ್ಲದಿದ್ದರೂ ಗಂಟೆಗೆ 216ಕ್ಕಿಂತ ಹೆಚ್ಚಾಗದು. ಅದೂ ಕಾಗದದ ಮೇಲೆ ಮಾತ್ರ. ಮೊದಲ ಕಾವಲಿಯಲ್ಲಿ ದೋಸೆ ಬೇಯುವ 80 ಸೆಕೆಂಡಿನಲ್ಲಿ ಎರಡನೆಯದರ 140 ಸೆಕೆಂಡಿನ ಕೆಲಸ (ಗುಡಿಸುವುದು, ಹುಯ್ಯುವುದು, ತುಂಬುವುದು) ಹಿಡಿಯುವುದಿಲ್ಲ. ಹಿಡಿಸಲು ಹೋದರೆ ಮೊದಲ ಕಾವಲಿಯ ದೋಸೆ ಒಂದು ನಿಮಿಷ ಹೆಚ್ಚು ಬೆಂದು ಕರಕಾಗುತ್ತದೆ. ಪ್ರತಿ ಕಾವಲಿಗೆ ಆರಾರೇ ಹುಯ್ದು, ಉರಿ ಸ್ವಲ್ಪ ತಗ್ಗಿಸಿ, ಬೇಯುವುದಕ್ಕೆ 110 ಸೆಕೆಂಡು ಕೊಟ್ಟರೆ ಒಂದರ ನಂತರ ಒಂದು ಹೊಂದಿಕೊಳ್ಳುತ್ತವೆ. ಆಗ 220 ಸೆಕೆಂಡಿಗೆ 12 ದೋಸೆ, ಗಂಟೆಗೆ 196. ಭಟ್ಟರಿಗೆ ಬೆವರು ಒರೆಸಿಕೊಳ್ಳಲೂ ಬಿಡುವಿರುವುದಿಲ್ಲ.

ಇನ್ನೊಂದು ದಾರಿ: ಕಾವಲಿ ಒಂದೇ, 8:30ರಿಂದ 10ರವರೆಗೆ ಒಬ್ಬ ಹೆಲ್ಪರ್. ಭಟ್ಟರು ಹುಯ್ಯುತ್ತ ಹೋದಂತೆ ಹಿಂದೆಯೇ ಬೆಣ್ಣೆ, ಪಲ್ಯ ಇಡುತ್ತ ಬರುತ್ತಾನೆ. ಗುಡಿಸಲು 20, ಹುಯ್ಯಲು 60, ಕೊನೆಯ ದೋಸೆ ತುಂಬಲು 5, ಬೇಯಲು 80, ಇಬ್ಬರೂ ಸೇರಿ ಎಬ್ಬಿಸಲು 30. ಒಟ್ಟು 195 ಸೆಕೆಂಡು, ಗಂಟೆಗೆ 221 ದೋಸೆ. ಹೊಸ ಕಾವಲಿ ಒಬ್ಬರ ಕೈಯಲ್ಲಿ ಕೊಡುವುದಕ್ಕಿಂತ ಹೆಚ್ಚು, ಕಬ್ಬಿಣವಿಲ್ಲದೆ. ಒಬ್ಬೆ ಚಿಕ್ಕದಾದ್ದರಿಂದ ಬಾಕಿಯಿಲ್ಲದ ಹೊತ್ತಿನ ಕಾಯುವಿಕೆಯೂ 7 ನಿಮಿಷದಿಂದ 5ಕ್ಕೆ ಇಳಿಯುತ್ತದೆ.

ಹೆಲ್ಪರ್ ಲೆಕ್ಕವನ್ನು ಮೂರನೇ ಹಾಳೆಯಲ್ಲೇ ಮಾಡಬಹುದು, ಮುಗಿಯುವ ಸಮಯದ ಸೂತ್ರ ಬದಲಿಸಿದರಾಯಿತು. ಒಬ್ಬ ಭಟ್ಟರು ಎರಡು ಕಾವಲಿ ನೋಡುವುದು ಮಾತ್ರ ಹಾಳೆಯಲ್ಲಿ ಗೋಜಲಾಗುತ್ತದೆ. ಅದಕ್ಕೆ ಪೈಥಾನ್‌ನ ಸಿಂಪೈ ಎಂಬ ಉಚಿತ ಲೈಬ್ರರಿ ಒಳ್ಳೆಯದು. ಕಾವಲಿ ಒಂದೊಂದೂ ಒಂದು ಪ್ರೋಸೆಸ್, ಭಟ್ಟರು ಎರಡಕ್ಕೂ ಸೇರಿದ ಪ್ರಯಾರಿಟಿ ರಿಸೋರ್ಸ್. ಕಾವಲಿ ಭಟ್ಟರನ್ನು ಕೇಳಿ ಪಡೆದು, ಹುಯ್ದು ತುಂಬಿ ಬಿಟ್ಟುಕೊಡುತ್ತದೆ, ಬೆಂದ ಮೇಲೆ ಮತ್ತೆ ಕೇಳುತ್ತದೆ. ಎಬ್ಬಿಸುವ ಕೆಲಸಕ್ಕೆ ಹುಯ್ಯುವುದಕ್ಕಿಂತ ಮೇಲಿನ ಆದ್ಯತೆ ಕೊಡಿ, ಭಟ್ಟರ ಕೆಲಸವನ್ನು ದೋಸೆಗೆ 5 ಸೆಕೆಂಡಿನ ತುಂಡುಗಳಾಗಿ ಕೇಳಿಸಿ. ಇಲ್ಲದಿದ್ದರೆ ಮಾಡೆಲ್ಲಿನ ಭಟ್ಟರು ಒಂದು ಕಾವಲಿಗೆ ಹುಯ್ದು ತುಂಬಿ ಮುಗಿಸುವವರೆಗೆ ಇನ್ನೊಂದರ ದೋಸೆ ಸುಡುತ್ತಲೇ ಇರುತ್ತದೆ. ಬೆಂದ ಮೇಲೆ ಎಷ್ಟು ಸೆಕೆಂಡು ಕಾವಲಿಯಲ್ಲೇ ಉಳಿಯಿತು ಎಂಬುದನ್ನೂ ಬರೆದಿಡಿ, 30 ದಾಟಿದವು ಎಷ್ಟು ಎಂದು ಎಣಿಸಿ.

ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಶೆಡ್ಡಿನ ಕುಲುಮೆಗೆ, ಒಬ್ಬ ಆಪರೇಟರ್ ನೋಡಿಕೊಳ್ಳುವ ಎರಡು ಸಿಎನ್‌ಸಿ ಲೇತುಗಳಿಗೆ ಇದೇ ಹಾಳೆ ನಡೆಯುತ್ತದೆ. ಹೆಸರು, ಅಂಕಿ ಬದಲಿಸಿದರೆ ಸಾಕು. ವ್ಯತ್ಯಾಸ ಒಂದು: ಹೋಟೆಲ್ 7:30ಕ್ಕೆ ಖಾಲಿಯಾಗಿಯೇ ಶುರುವಾಗುತ್ತದೆ, ಮಾಡೆಲ್ಲೂ ಹಾಗೇ ಇರಲಿ. ಮೂರು ಪಾಳಿ ಓಡುವ ಕಾರ್ಖಾನೆ ಎಂದೂ ಖಾಲಿ ಇರುವುದಿಲ್ಲ, ಅಲ್ಲಿ ಮಾಡೆಲ್ಲಿನ ಮೊದಲ ಕೆಲವು ದಿನಗಳನ್ನು ಎಸೆದು ಉಳಿದದ್ದನ್ನು ಅಳೆಯಬೇಕು.

ಓಡಿಸಿ, ಓದುವುದು

ಎಫ್9 ಒಂದು ಸಲ ಒತ್ತಿದರೆ ಒಂದು ಭಾನುವಾರ. ಒಂದೇ ಭಾನುವಾರ ನೋಡಿ ತೀರ್ಮಾನ ಬೇಡ. ಎಕ್ಸೆಲ್ಲಿನ ಡೇಟಾ ಟೇಬಲ್‌ಗೆ 1ರಿಂದ 100ರವರೆಗಿನ ಕಾಲಂ ಕೊಟ್ಟು, ಇನ್‌ಪುಟ್ ಸೆಲ್ ಎಂದು ಯಾವುದಾದರೂ ಖಾಲಿ ಸೆಲ್ ತೋರಿಸಿದರೆ ನೂರು ಭಾನುವಾರಗಳು ತಾವಾಗಿ ಓಡುತ್ತವೆ. ಲಿಬ್ರೆಆಫೀಸಿನಲ್ಲಿ ಇದೇ ಕೆಲಸಕ್ಕೆ ಮಲ್ಟಿಪಲ್ ಆಪರೇಷನ್ಸ್ ಇದೆ. ಹಾಳೆ ನಿಧಾನವಾದರೆ ಕ್ಯಾಲ್ಕ್ಯುಲೇಷನ್ ಮ್ಯಾನ್ಯುಯಲ್‌ಗೆ ಹಾಕಿ.

ಮೊದಲು ಈಗಿರುವ ಹೋಟೆಲನ್ನೇ ಓಡಿಸಿ, ಟೋಕನ್ ಚೀಟಿಗಳ ಜೊತೆ ಹೋಲಿಸಿ. ಮಾಡೆಲ್ 9:40ಕ್ಕೆ 20 ನಿಮಿಷ ಎನ್ನುತ್ತದೆ, ಚೀಟಿ 12 ಎನ್ನುತ್ತದೆ ಎಂದರೆ ಏನೋ ಬಿಟ್ಟುಹೋಗಿದೆ. ಸಾಮಾನ್ಯವಾಗಿ ಎರಡರಲ್ಲಿ ಒಂದು: ಬೇಸತ್ತು ದೋಸೆ ಬಿಟ್ಟು ಇಡ್ಲಿಗೆ ಬದಲಿಸಿಕೊಂಡವರು, ಇಲ್ಲವೇ ರಷ್ಷಿನಲ್ಲಿ ದೋಸೆ ಸ್ವಲ್ಪ ಹಸಿಯಿರುವಾಗಲೇ ಎಬ್ಬಿಸುವ ಭಟ್ಟರು. ಇದು ಹೊಂದಿಕೆಯಾಗುವವರೆಗೆ ಎರಡನೇ ಕಾವಲಿಯ ಮಾತು ಎತ್ತಬೇಡಿ. ಹೊಂದಿಸಲೆಂದು ಅಳೆದ ಅಂಕಿಗಳನ್ನು ತಿದ್ದುವುದೂ ಬೇಡ.

ಆಯ್ಕೆಗಳನ್ನು ಹೋಲಿಸುವಾಗ ಎಲ್ಲದಕ್ಕೂ ಅದೇ ಜನ, ಅದೇ ಹೊತ್ತಿಗೆ ಬರಲಿ. ರ್‍ಯಾಂಡ್ ಕಾಲಂಗಳನ್ನು ನಕಲು ಮಾಡಿ ಬರೀ ಮೌಲ್ಯಗಳಾಗಿ ಅಂಟಿಸಿಕೊಳ್ಳಿ. ಇಲ್ಲದಿದ್ದರೆ ಹೆಲ್ಪರಿನ ಪಾಲಿಗೆ ತೆಳು ಭಾನುವಾರ, ಕಾವಲಿಯ ಪಾಲಿಗೆ ಹಬ್ಬದ ಭಾನುವಾರ ಬಿದ್ದು ಹೋಲಿಕೆ ಕೆಡುತ್ತದೆ. ಸರಾಸರಿ ಕಾಯುವಿಕೆಯನ್ನು ಮಾಲೀಕರಿಗೆ ತೋರಿಸಬೇಡಿ, 7:30ಕ್ಕೆ ಬಂದವರ ಸುಖವೆಲ್ಲ ಅದರಲ್ಲಿ ಬೆರೆತಿರುತ್ತದೆ. ತೋರಿಸಬೇಕಾದದ್ದು 10 ನಿಮಿಷಕ್ಕಿಂತ ಹೆಚ್ಚು ಕಾದವರು ನೂರಕ್ಕೆ ಎಷ್ಟು ಎಂಬುದನ್ನು. ಹತ್ತೇ ಓಟ ಓಡಿಸಿದ್ದರೆ, ಓಟಗಳ ನಡುವಿನ ಸ್ಟ್ಯಾಂಡರ್ಡ್ ಡಿವಿಯೇಷನ್ನನ್ನು 10ರ ವರ್ಗಮೂಲದಿಂದ ಭಾಗಿಸಿ 2.26ರಿಂದ ಗುಣಿಸಿ. ನಿಮ್ಮ ಉತ್ತರದ ಆಚೀಚೆ ಅಷ್ಟು ಅನುಮಾನವಿದೆ. ಅದನ್ನು ಅರ್ಧ ಮಾಡಲು ನಾಲ್ಕರಷ್ಟು ಓಟ ಬೇಕು.

ಎಡವುವುದು ಎಲ್ಲಿ

ಕ್ಯೂ ಸರಿಯಾದ ಹೋಟೆಲಿಗೆ ಜನ ಹೆಚ್ಚು ಬರುತ್ತಾರೆ. ಬಾಗಿಲ ಹುಡುಗನ ಅಡ್ಡಗೀಟುಗಳೆಲ್ಲ ಇನ್ನು ಮುಂದೆ ಒಳಗೆ ಬರುವವರೇ. ಅವರನ್ನು ಸೇರಿಸಿ ಒಮ್ಮೆ, ನೂರಕ್ಕೆ 15 ಹೆಚ್ಚಿಗೆ ಹಾಕಿ ಇನ್ನೊಮ್ಮೆ ಓಡಿಸಿ. ಆಪ್ ಪಾರ್ಸೆಲ್ ಇದ್ದರೆ ಅದೂ ಇದೇ ಕಾವಲಿಯ ದೋಸೆ, ಸಾಲಿನಲ್ಲಿ ನಿಂತವರ ಕಣ್ಣಿಗೆ ಬೀಳದೆ ಮುಂದೆ ನುಗ್ಗುವಂಥದ್ದು. ಅದಕ್ಕೊಂದು ಬೇರೆ ಟೋಕನ್ ಕಾಲಂ ಇರಲಿ.

ಸಣ್ಣ ಅಡಚಣೆಗಳನ್ನು ಬಿಟ್ಟ ಮಾಡೆಲ್ ಯಾವಾಗಲೂ ಆಶಾವಾದಿ. 19 ಕೆಜಿ ಸಿಲಿಂಡರ್ ಒಂಬತ್ತು ಗಂಟೆಗೆ ಖಾಲಿಯಾಗಿ ಬದಲಿಸಲು 4 ನಿಮಿಷ ಹೋದರೆ 10 ದೋಸೆ ಬಾಕಿ ಏರಿತು, ಕಾವಲಿ ಮತ್ತೆ ಕಾಯುವ ಹೊತ್ತು ಬೇರೆ. ಪಲ್ಯದ ಪಾತ್ರೆ ತರಲು ಭಟ್ಟರೇ ಒಳಗೆ ಹೋಗುತ್ತಾರಾ, ಹಿಟ್ಟಿನ ಡಬ್ಬ ಯಾರು ಎತ್ತಿಕೊಡುತ್ತಾರೆ, ಇವನ್ನೂ ಅಳೆದು ಸೇರಿಸಿ. ಸಿಲಿಂಡರನ್ನು 8:15ಕ್ಕೇ ಬದಲಿಸಿದರೆ ಏನಾಗುತ್ತದೆ ಎಂದು ಓಡಿಸಿ ನೋಡಿ. ಖರ್ಚಿಲ್ಲದ ಸುಧಾರಣೆ ಇಂಥಲ್ಲೇ ಸಿಗುತ್ತದೆ.

ಕೊನೆಯದಾಗಿ ಮೇಜುಗಳು. ರಷ್ಷಿನ ಗಂಟೆಯಲ್ಲಿ 154 ದೋಸೆಯವರು, ಬೇರೆ ತಿಂಡಿಯ 93 ಜನ ತಟ್ಟೆ ಹಿಡಿದು ಬರುತ್ತಾರೆ, ತಿನ್ನಲು 12 ನಿಮಿಷ ಎನ್ನಿ. ಗಂಟೆಗೆ ಬರುವವರನ್ನು ನಿಲ್ಲುವ ಹೊತ್ತಿನಿಂದ ಗುಣಿಸಿದರೆ ಒಳಗಿರುವವರ ಸಂಖ್ಯೆ, 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ. 247 ಜನ, ಗಂಟೆಯ ಐದನೇ ಒಂದು ಭಾಗ: 49. ಐದೈದು ಜನ ನಿಲ್ಲುವ ಹತ್ತು ಮೇಜಿಗೆ ಸರಿಹೋಗುತ್ತದೆ. ಹೆಲ್ಪರ್ ಬಂದು 186 ದೋಸೆಯೂ ಹೊತ್ತಿಗೆ ಸರಿಯಾಗಿ ಹೊರಬಿದ್ದರೆ 279 ಜನ, ಒಳಗೆ 56. ಇಷ್ಟು ದಿನ ಮೇಜು ಸಾಕಾಗುತ್ತಿದ್ದುದು ಕಾವಲಿ ನಿಧಾನವಾಗಿದ್ದರಿಂದ. ಹೆಲ್ಪರಿಗೆ ಬರಹೇಳುವ ವಾರವೇ ಎರಡು ಮೇಜಿಗೂ ಹೇಳಿಡಿ, ಮೊದಲ ಎರಡು ಭಾನುವಾರ ಟೋಕನ್ ಹಿಂದೆ ಗಂಟೆ ಬರೆಸುವುದನ್ನು ನಿಲ್ಲಿಸಬೇಡಿ.